ಮೇಕೆದಾಟು: ಅರ್ಕಾವತಿಯ ನೀರು ಎಂಥದ್ದು ಎಂಬುದೂ ಚರ್ಚೆಯಾಗಲಿ

ಮಾನ್ಯ ಸಂಪಾದಕರೇ,

ಕಾವೇರಿಗೆ ಅಣೆಕಟ್ಟೆ ಕಟ್ಟುವ ಮೇಕೆದಾಟು ಯೋಜನೆಯ ಚರ್ಚೆ ಬಹುಮಟ್ಟಿಗೆ ನೀರಿನ ಪಾಲು ಮತ್ತು ಮುಳುಗಡೆಯಾಗುವ ಕಾಡಿನ ಸುತ್ತಲೇ ನಡೆಯುತ್ತಿದೆ. 67.16 ಟಿಎಂಸಿ ಅಡಿ ಸಾಮರ್ಥ್ಯದ ಈ ಜಲಾಶಯದಿಂದ ಬೆಂಗಳೂರು ಮತ್ತು ಸುತ್ತಲಿನ ಪ್ರದೇಶಕ್ಕೆ 4.75 ಟಿಎಂಸಿ ಅಡಿ ಕುಡಿಯುವ ನೀರು ಕೊಡುವ ಉದ್ದೇಶವಿರುವಾಗ, ಅಲ್ಲಿ ನಿಲ್ಲುವ ನೀರು ಎಂಥದ್ದು ಎಂಬುದನ್ನೂ ಅಷ್ಟೇ ಗಂಭೀರವಾಗಿ ಕೇಳಬೇಕು. ಈಗ ನಗರಕ್ಕೆ ಕಾವೇರಿ ನೀರನ್ನು ತೆಗೆಯುವುದು ಶಿವನಸಮುದ್ರದ ಬಳಿ, ಅಂದರೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮಕ್ಕಿಂತ ಮೇಲೆ. ಮೇಕೆದಾಟು ಇರುವುದು ಸಂಗಮದ ಕೆಳಗೆ. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನೂ ಕೈಗಾರಿಕೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿಯು ಬೈರಮಂಗಲ ಕೆರೆಯ ಮೂಲಕ ಅರ್ಕಾವತಿಗೆ ಸೇರುವುದರಿಂದ, ನಗರ ಹೊರಹಾಕಿದ್ದೇ ನಗರದ ಕುಡಿಯುವ ನೀರಿನ ಮೂಲಕ್ಕೆ ಬಂದು ಬೀಳಲಿದೆ.

ಆ ಕೊಳಚೆಯಲ್ಲಿ ಜೀವಿಗಳ ಹಾರ್ಮೋನು ವ್ಯವಸ್ಥೆಯನ್ನು ಕೆಡಿಸುವ ರಾಸಾಯನಿಕಗಳೂ ಇರುತ್ತವೆ. ಗರ್ಭನಿರೋಧಕ ಮಾತ್ರೆಗಳಲ್ಲಿರುವ ಎಥಿನೈಲ್ ಈಸ್ಟ್ರಡಯಾಲ್ ಎಂಬ ಕೃತಕ ಈಸ್ಟ್ರೋಜನ್ (ಸ್ತ್ರೀ ಹಾರ್ಮೋನು), ಬಟ್ಟೆ ಉದ್ಯಮದಲ್ಲಿ ಬಳಸುವ ಕೆಲವು ಮಾರ್ಜಕಗಳು ಒಡೆದು ಉಂಟಾಗುವ ನೋನೈಲ್‌ಫೀನಾಲ್, ಪ್ಲಾಸ್ಟಿಕ್ಕಿನಿಂದ ಬರುವ ಬಿಸ್ಫೀನಾಲ್ ಎ ಇವುಗಳಲ್ಲಿ ಮುಖ್ಯವಾದವು. ನಮ್ಮ ದೇಹವು ಈಸ್ಟ್ರೋಜನ್ನನ್ನು ನಿಷ್ಕ್ರಿಯ ರೂಪಕ್ಕೆ ತಿರುಗಿಸಿ ಮೂತ್ರದಲ್ಲಿ ಹೊರಹಾಕುತ್ತದೆಯಾದರೂ ಚರಂಡಿಯ ಬ್ಯಾಕ್ಟೀರಿಯಾಗಳು ಅದನ್ನು ಮತ್ತೆ ಸಕ್ರಿಯಗೊಳಿಸುತ್ತವೆ. ಕೆನಡಾದ ಒಂಟಾರಿಯೊದಲ್ಲಿ ಸಂಶೋಧನೆಗೆಂದೇ ಮೀಸಲಾದ ಒಂದು ಸರೋವರಕ್ಕೆ 2001ರಿಂದ 2003ರವರೆಗೆ ಲೀಟರಿಗೆ 5-6 ನ್ಯಾನೊಗ್ರಾಂ ಪ್ರಮಾಣದಲ್ಲಿ ಎಥಿನೈಲ್ ಈಸ್ಟ್ರಡಯಾಲ್ ಸೇರಿಸಿದಾಗ, ಅಲ್ಲಿನ ಒಂದು ಜಾತಿಯ ಸಣ್ಣ ಮೀನಿನ ಸಂತತಿಯೇ ಕುಸಿದುಹೋಯಿತು. ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ.

ಇಷ್ಟು ಅಲ್ಪ ಪ್ರಮಾಣವೇ ಕೆಲಸ ಮಾಡುವುದರಿಂದ, ನದಿಯಲ್ಲಿ ಈ ವಸ್ತುಗಳು ಯಾವ ಸ್ಥಿತಿಯಲ್ಲಿವೆ ಎಂಬುದು ಬಹಳ ಮುಖ್ಯವಾಗುತ್ತದೆ. ಎಲೆ, ತೊಗಟೆ, ಬೇರು, ಮಣ್ಣು ಕೊಳೆತು ನೀರಿಗಿಳಿಯುವ ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲಗಳು ಪ್ರತಿ ನದಿಯಲ್ಲೂ ಇರುತ್ತವೆ. ನೀರಿಗೆ ಕಂದು ಛಾಯೆ ಕೊಡುವುದು ಇವೇ. ನೀರಿನಲ್ಲಿ ಸುಲಭವಾಗಿ ಕರಗದ ನೋನೈಲ್‌ಫೀನಾಲ್, ಈಸ್ಟ್ರೋಜನ್‌ಗಳಂಥ ವಸ್ತುಗಳು ಈ ಸಾವಯವ ಅಣುಗಳಿಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿಕೊಂಡ ಭಾಗವು ಮೀನಿನ ಕಿವಿರುಗಳ ಮೂಲಕ ಒಳಸೇರುವುದು ಕಷ್ಟವಾದ್ದರಿಂದ ಆ ಹೊತ್ತಿಗೆ ಅಪಾಯ ತಗ್ಗುತ್ತದೆ ಎಂಬುದು ನಿಜ. ಆದರೆ ವಿಷ ಅಲ್ಲಿಗೆ ನಾಶವಾಗುವುದಿಲ್ಲ. ನೀರಿನ ಆಮ್ಲೀಯತೆ ಬದಲಾದಾಗ, ಶುದ್ಧ ನೀರು ಬೆರೆತು ತೆಳುವಾದಾಗ, ಇಲ್ಲವೇ ಹೊತ್ತೊಯ್ಯುತ್ತಿದ್ದ ಸಾವಯವ ಪದಾರ್ಥವನ್ನೇ ಸೂಕ್ಷ್ಮಜೀವಿಗಳು ತಿಂದು ಹಾಕಿದಾಗ ಅದು ಮತ್ತೆ ಬಿಡುಗಡೆಯಾಗಬಲ್ಲದು. ಹೂಳಿಗೆ ಸೇರಿದ ಭಾಗವು ಆಮ್ಲಜನಕವಿಲ್ಲದ ಆ ಕೆಸರಿನಲ್ಲಿ ಬಹುಕಾಲ ಉಳಿದು, ಪ್ರವಾಹ ಬಂದಾಗ ಮೇಲೆದ್ದು ಮುಂದಕ್ಕೆ ಸಾಗುತ್ತದೆ. ಬಿಸಿಲಿನ ಪಾತ್ರವೂ ಇಲ್ಲಿ ಸರಳವಲ್ಲ. ಹ್ಯೂಮಿಕ್ ಪದಾರ್ಥಗಳು ಬೆಳಕನ್ನು ಹೀರಿ ಈಸ್ಟ್ರೋಜನ್ ಒಡೆಯಲು ನೆರವಾಗುತ್ತವೆ. ಅವೇ ಹೆಚ್ಚಾದರೆ ಬೆಳಕು ಆಳಕ್ಕೆ ಇಳಿಯದಂತೆ ತಡೆಯುತ್ತವೆ.

ಜಲಾಶಯ ಕಟ್ಟಿದರೆ ಈ ಎಲ್ಲ ಕ್ರಿಯೆಗಳು ಒಂದೇ ಕಡೆ ಕೂಡುತ್ತವೆ. ಸುಮಾರು 5,000 ಹೆಕ್ಟೇರ್ ಪ್ರದೇಶ, ಅದರಲ್ಲಿ ಬಹುಪಾಲು ಕಾಡು, ಮುಳುಗಿದಾಗ ಮರಗಿಡ, ತರಗೆಲೆ ಕೊಳೆತು ಸಾವಯವ ಪದಾರ್ಥ ಅಪಾರವಾಗಿ ಹೆಚ್ಚುತ್ತದೆ. ಹರಿಯುವ ನೀರು ನಿಂತು ಹೂಳು ತಳ ಸೇರುತ್ತದೆ. ಆ ನೀರನ್ನು ಶುದ್ಧೀಕರಿಸಲು ಕ್ಲೋರಿನ್ ಬೆರೆಸಿದರೆ ಹ್ಯೂಮಿಕ್ ಪದಾರ್ಥಗಳಿಂದ ಟ್ರೈಹ್ಯಾಲೊಮೀಥೇನ್‌ಗಳೆಂಬ ಹಾನಿಕರ ಉಪಉತ್ಪನ್ನಗಳು ಹುಟ್ಟುತ್ತವೆ. ಹಾರ್ಮೋನು ಕೆಡಿಸುವ ರಾಸಾಯನಿಕಗಳನ್ನು ಹೀರಿಕೊಳ್ಳಲೆಂದು ಸಕ್ರಿಯ ಇಂಗಾಲ ಬಳಸಿದರೆ, ಅದರ ರಂಧ್ರಗಳಲ್ಲಿ ಮೊದಲು ಜಾಗ ಹಿಡಿಯುವುದು ಪ್ರಮಾಣದಲ್ಲಿ ಸಾವಿರಾರು ಪಟ್ಟು ಹೆಚ್ಚಿರುವ ಈ ಸಾವಯವ ಅಣುಗಳೇ. ಹಾಗಾಗಿ ಬೇರೆಲ್ಲೋ ತಿಳಿನೀರಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ಘಟಕವು ಇಲ್ಲಿಯೂ ಅಷ್ಟೇ ಕೆಲಸ ಮಾಡುತ್ತದೆಂದು ನಂಬಿ ಕೂರುವುದು ತಪ್ಪಾಗುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ನದಿನೀರನ್ನು ‘ಎ’ಯಿಂದ ‘ಇ’ವರೆಗೆ ವರ್ಗೀಕರಿಸಲು ನೋಡುವುದು ಕರಗಿದ ಆಮ್ಲಜನಕ, ಬಿಒಡಿ (ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ), ಕೋಲಿಫಾರ್ಮ್ ಬ್ಯಾಕ್ಟೀರಿಯಾ, ಪಿಎಚ್ (ಆಮ್ಲೀಯತೆಯ ಅಳತೆ) ಮುಂತಾದ ಮಾನದಂಡಗಳನ್ನು. ಇವು ಅಗತ್ಯವೇ, ಆದರೆ ಮೇಲೆ ಹೇಳಿದ ಯಾವುದನ್ನೂ ಇವು ತೋರಿಸಲಾರವು. ವೃಷಭಾವತಿಯ ನೊರೆ ಇಳಿದು ವಾಸನೆ ಕಡಿಮೆಯಾದ ಮಾತ್ರಕ್ಕೆ ನೀರು ಸರಿಹೋಯಿತು ಎನ್ನಲೂ ಬಾರದು.

ಆದ್ದರಿಂದ ಯೋಜನೆಯ ಪರಿಸರ ಅಧ್ಯಯನದಲ್ಲಿ ಬೈರಮಂಗಲದಿಂದ ಸಂಗಮದವರೆಗೆ ಬೇಸಿಗೆಯಲ್ಲೂ ಮಳೆಗಾಲದ ಮೊದಲ ಹರಿವಿನಲ್ಲೂ ಮಾದರಿ ಸಂಗ್ರಹಿಸಿ, ಈಸ್ಟ್ರೋಜನ್ ಮತ್ತು ನೋನೈಲ್‌ಫೀನಾಲ್‌ಗಳನ್ನು ಸೋಸಿದ ನೀರಿನಲ್ಲಿ ಮಾತ್ರವಲ್ಲದೆ ತೇಲುವ ಕಣಗಳಲ್ಲಿಯೂ ಹೂಳಿನಲ್ಲಿಯೂ ಅಳೆಯಬೇಕು. ಜೊತೆಗೇ ಕರಗಿದ ಸಾವಯವ ಇಂಗಾಲದ ಪ್ರಮಾಣವನ್ನೂ ದಾಖಲಿಸಬೇಕು. ಅಣೆಕಟ್ಟೆಯ ತೀರ್ಮಾನ ಏನೇ ಆದರೂ ಈ ಅಳತೆ ಬೇಕೇ ಬೇಕು. ಏಕೆಂದರೆ ಆ ನೀರಿನಲ್ಲಿ ಮೇವು ಬೆಳೆಯುವ ಬೈರಮಂಗಲದ ರೈತರೂ ಸಂಗಮದ ಕೆಳಗೆ ಕಾವೇರಿಯನ್ನೇ ನಂಬಿರುವ ತಮಿಳುನಾಡಿನ ಜನರೂ ಇಂದೇ ಅದನ್ನು ಬಳಸುತ್ತಿದ್ದಾರೆ.

ಇಂತಿ,
ನಿಮ್ಮ ಓದುಗ,
ಕನಕಪುರ