ಕಾಳಜಿ ಕೇಂದ್ರದ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ

ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಮುಧೋಳ ತಾಲೂಕಿನವನು. ಘಟಪ್ರಭಾ ದಂಡೆಯ ಒಂದು ಊರಿನಲ್ಲಿ ಶಾಲಾ ಮಾಸ್ತರ. ಹೊಳೆ ಊರೊಳಗೆ ಬಂದರೆ ನಮ್ಮ ಶಾಲೆಯೇ ಕಾಳಜಿ ಕೇಂದ್ರ. ಜನರ ಬಾಯಲ್ಲಿ ಅದು ಇವತ್ತಿಗೂ ಗಂಜಿ ಕೇಂದ್ರವೇ. ಹೊಸ ಹೆಸರು ಚೆನ್ನಾಗಿದೆ. ಆದರೆ ಅಲ್ಲಿ ಏನೇನು ಇರಬೇಕು ಅನ್ನುವ ನಮ್ಮ ಪಟ್ಟಿ ಮಾತ್ರ ಗಂಜಿಯಿಂದ ಬಹಳ ಮುಂದೆ ಹೋಗಿಲ್ಲ.

ಅಕ್ಕಿ, ಬೇಳೆ, ಚಾದರ, ಕುಡಿಯುವ ನೀರು, ದನಗಳಿಗೆ ಮೇವು, ದಿನಕ್ಕೊಮ್ಮೆ ಡಾಕ್ಟರು. ಇವಕ್ಕೆಲ್ಲ ಒಬ್ಬೊಬ್ಬರು ಜವಾಬ್ದಾರರು. ಗೋಡೆಗೆ ಒರಗಿ ಸುಮ್ನೆ ಕೂತುಬಿಟ್ಟವರ ಹತ್ತಿರ ಹೋಗುವುದು ಯಾರ ಕೆಲಸ? ಯಾರದೂ ಅಲ್ಲ. ಹಾಗಾಗಿ ಎಲ್ಲರೂ ಮಾಡುತ್ತೇವೆ, ನಮಗೆ ತಿಳಿದ ಹಾಗೆ. ಅದನ್ನು ಸರಿಯಾಗಿ ಮಾಡಲು ನಮಗೊಂದು ತರಬೇತಿ ಕೊಡಿಸಿ ಅಂತ ಕೇಳಲು ಈ ಪತ್ರ.

2019ರ ಆಗಸ್ಟ್‌ನಲ್ಲಿ ನಾನು ಮಾಡಿದ್ದನ್ನೇ ಹೇಳುತ್ತೇನೆ. ಒಬ್ಬ ಹೆಣ್ಣುಮಗಳು ರಾತ್ರೋರಾತ್ರಿ ಮಕ್ಕಳನ್ನು ಕರಕೊಂಡು ಬಂದಿದ್ದಳು. ಎರಡು ಎಮ್ಮೆಗಳ ಹಗ್ಗ ಬಿಚ್ಚುವಷ್ಟು ಹೊತ್ತು ಸಿಕ್ಕಿರಲಿಲ್ಲ. ಅಳುತ್ತಿದ್ದಳು. ನಾನು ಹೋಗಿ, "ಅಳಬ್ಯಾಡವ್ವಾ, ಜೀವ ಉಳದೈತಲ್ಲ, ಅಷ್ಟ ಸಾಕು. ಎಮ್ಮಿ ಮತ್ತ ತರಬಹುದು" ಅಂದೆ. ಆಕೆ ಸೆರಗು ಎಳಕೊಂಡು ಸುಮ್ಮನಾದಳು. ಸಮಾಧಾನ ಆಯಿತು ಅಂದುಕೊಂಡೆ. ನಾನು ಆಕೆಯ ಬಾಯಿ ಮುಚ್ಚಿಸಿದ್ದೆ ಅಷ್ಟೇ.

ನಮ್ಮ ಬಿಸಿಯೂಟದ ಅಡುಗೆಯಾಕೆ ಮಾತ್ರ ಏನೂ ಹೇಳಲಿಲ್ಲ, ಏನೂ ಕೇಳಲಿಲ್ಲ. ಆ ಹೆಣ್ಣುಮಗಳ ಮುಂದೆ ಒಂದು ಕಪ್ ಚಹಾ ಇಟ್ಟು, ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಾ ಕೂತಳು. ಸಂಜೆ ಹೊತ್ತಿಗೆ ಇಬ್ಬರೂ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಎಮ್ಮೆಗಳ ಮಾತು ಆಗ ಬಂತು, ತಾನಾಗೇ.

ಅಡುಗೆಯಾಕೆ ಮಾಡಿದ್ದಕ್ಕೆ ಮಾನಸಿಕ ಪ್ರಥಮ ಚಿಕಿತ್ಸೆ ಅನ್ನುತ್ತಾರೆ ಅಂತ ನನಗೆ ಗೊತ್ತಾಗಿದ್ದು ಬಹಳ ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಬೇರೆ ಎರಡು ಸಂಸ್ಥೆಗಳ ಜೊತೆ ಸೇರಿ 2011ರಲ್ಲಿ ಇದಕ್ಕೊಂದು ಕೈಪಿಡಿ ತಂದಿದೆ. ಅದು ಮನೋವೈದ್ಯರಿಗಲ್ಲ, ಸಂಕಟದ ಜಾಗದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ. ಅದರ ಸಾರ ಮೂರು ಮಾತು: ನೋಡು, ಕೇಳು, ಜೋಡಿಸು. ಮೊದಲು ಜಾಗ ಸುರಕ್ಷಿತವೇ, ಯಾರು ತೀರಾ ಕಂಗಾಲಾಗಿದ್ದಾರೆ ಅಂತ ನೋಡಬೇಕು. ಆಮೇಲೆ ಅವರ ಮಾತು ಕೇಳಬೇಕು. ಕೇಳು ಅಂದರೆ ಕೆದಕು ಅಂತಲ್ಲ. ನಡೆದದ್ದನ್ನೆಲ್ಲ ಬಿಡಿಸಿ ಹೇಳು ಅಂತ ಒತ್ತಾಯ ಮಾಡಲೇಬಾರದು. ವಿಡಿಯೊ ಮಾಡಲು ಮೊಬೈಲ್ ಹಿಡಿದು ಬರುವವರಿಗೆ ಇದನ್ನು ಯಾರಾದರೂ ಹೇಳಬೇಕು. ಕೊನೆಗೆ, ಅವರವರ ಮನೆಯವರ ಜೊತೆ, ಬೇಕಾದ ಸವಲತ್ತಿನ ಜೊತೆ, ಖಚಿತ ಸುದ್ದಿಯ ಜೊತೆ ಜೋಡಿಸಬೇಕು.

ಸುದ್ದಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. "ಡ್ಯಾಂ ಒಡದೈತಂತ" ಅಂತ ಯಾರೋ ಅಂದರೆ ಸಾಕು, ರಾತ್ರಿಯೆಲ್ಲ ಯಾರೂ ಮಲಗುವುದಿಲ್ಲ. ಹಿಡಕಲ್ ಡ್ಯಾಂನಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ, ಯಾವ ರಸ್ತೆ ಬಂದ್ ಇದೆ, ಹಾನಿಯ ಸರ್ವೆ ಮಾಡುವವರು ಯಾವತ್ತು ಬರುತ್ತಾರೆ. ಇಷ್ಟನ್ನು ಬೆಳಿಗ್ಗೆ ಸಂಜೆ ಶಾಲೆಯ ಕರಿಹಲಗೆ ಮೇಲೆ ಬರೆದರೆ ಸಾಕು. ಕರಿಹಲಗೆ ನಮ್ಮಲ್ಲಿದೆ, ಸುಣ್ಣದಕಡ್ಡಿಯೂ ಇದೆ. ಸರಿಯಾದ ಮಾಹಿತಿ ನಿಮ್ಮ ಕಚೇರಿಯಿಂದ ಬರಬೇಕು. ಗೊತ್ತಿಲ್ಲದಿದ್ದರೆ ಇನ್ನೂ ಗೊತ್ತಿಲ್ಲ ಅಂತ ಬರೆಯೋಣ. ಜನ ಅದನ್ನು ತಡಕೊಳ್ಳುತ್ತಾರೆ. "ಎಂಟು ದಿನದಾಗ ರೊಕ್ಕ ಬರ್ತೈತಿ" ಅಂತ ಹೇಳಿ ಜೀಪು ಹತ್ತಿ ಹೋಗುವುದನ್ನು ತಡಕೊಳ್ಳುವುದು ಕಷ್ಟ. ಸುಳ್ಳು ಭರವಸೆ ಕೊಡಬೇಡಿ ಅಂತ ಆ ಕೈಪಿಡಿಯಲ್ಲೇ ಇದೆ. ಹಾಗಾಗಿ ಈ ಪ್ರಥಮ ಚಿಕಿತ್ಸೆಯ ತರಬೇತಿ ನಮಗೆ ಮಾತ್ರ ಕೊಟ್ಟರೆ ಸಾಲದು, ನಿಮ್ಮ ಜೊತೆ ಬರುವವರಿಗೂ ಬೇಕು.

ನಮ್ಮ ಕಡೆ ಇದೆಲ್ಲ ಹೊಸದೇನಲ್ಲ. ಸತ್ತವರ ಮನೆಗೆ ಬುತ್ತಿ ಒಯ್ದು, ಮಾತಿಲ್ಲದೆ ಕೂತು ಬರುವ ಜನ ನಾವು. ಆದರೆ ಹೊಳೆ ಇಡೀ ಓಣಿಯನ್ನೇ ಮುಳುಗಿಸಿದಾಗ ಬುತ್ತಿ ಕಟ್ಟುವ ಮನೆಯೂ ನೀರಿನಲ್ಲೇ ಇರುತ್ತದೆ ಅಲ್ವಾ?

ಇದು ಡಾಕ್ಟರ್ ಕೆಲಸಕ್ಕೆ ಬದಲಿ ಅಲ್ಲ ಅನ್ನುವುದೂ ನನಗೆ ಗೊತ್ತು. ಸಾಯುವ ಮಾತಾಡುವವರು, ಹೊಲಕ್ಕೆ ತಂದ ಔಷಧದ ಬಾಟಲಿ ಕಡೆ ಕಣ್ಣು ಹೋಗುವವರು, ಮಕ್ಕಳ ಕಡೆಗೂ ಲಕ್ಷ್ಯ ಕೊಡಲಾರದಷ್ಟು ಕುಸಿದವರು ಇರುತ್ತಾರೆ. ಅಂಥವರನ್ನು ಒಬ್ಬರೇ ಬಿಡದೆ, ತಡಮಾಡದೆ ಆಸ್ಪತ್ರೆಗೆ ಕರಕೊಂಡು ಹೋಗಬೇಕು. 2022ರ ಅಕ್ಟೋಬರ್‌ನಿಂದ ಮನಸ್ಸಿನ ಕಷ್ಟಕ್ಕೆ ಅಂತಲೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ಹಗಲೂ ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಪ್ರತಿ ಕೇಂದ್ರದ ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಅದಕ್ಕೆ ಟೆಂಡರ್ ಬೇಕಾಗಿಲ್ಲ.

ಇನ್ನೊಂದು ಮಾತು. ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಆ ವರ್ಷ ನೀರು ಇಳಿದ ಮೇಲೂ ತಗಡಿನ ಮೇಲೆ ಮಳೆ ಬಿದ್ದರೆ ನನಗೆ ಎಚ್ಚರವಾಗುತ್ತಿತ್ತು. ತರಗತಿಯಲ್ಲಿ ಸಣ್ಣದಕ್ಕೆಲ್ಲ ಮಕ್ಕಳ ಮೇಲೆ ರೇಗುತ್ತಿದ್ದೆ. ನನ್ನ ಮನೆಗೆ ನೀರು ಬಂದಿರಲಿಲ್ಲ, ನನಗೇನು ಕಷ್ಟ ಅಂತ ಯಾರಿಗೂ ಹೇಳಲಿಲ್ಲ. ನಮ್ಮ ಆಶಾ ಕಾರ್ಯಕರ್ತೆಯದು ಇನ್ನೂ ಕಷ್ಟ. ಆಕೆಯ ಮನೆಯೇ ಮುಳುಗಿತ್ತು. ಆಕೆ ಊರಿನವರ ಬಿಪಿ ನೋಡುತ್ತಿದ್ದಳು. ನಮಗೆ ಪಾಳಿ ಬೇಕು. ಒಬ್ಬರೇ ಹಗಲೂ ರಾತ್ರಿ ನಿಲ್ಲಬಾರದು. ಪಾಳಿ ಮುಗಿದ ಮೇಲೆ ಹತ್ತು ನಿಮಿಷ ನಾವು ನಾವೇ ಕೂತು ಮಾತಾಡಲು ಬಿಡಬೇಕು. ಇದೂ ಆ ತರಬೇತಿಯ ಭಾಗವೇ.

ತರಬೇತಿಗೆ ತಿಂಗಳುಗಟ್ಟಲೆ ಬೇಕಾಗಿಲ್ಲ, ಒಂದು ದಿನ ಸಾಕು. ಅರ್ಧ ದಿನದಲ್ಲಿ ಮುಗಿಸುವ ಪಾಠವನ್ನೂ ವಿಶ್ವ ಆರೋಗ್ಯ ಸಂಸ್ಥೆಯೇ ಸಿದ್ಧಪಡಿಸಿದೆ. ಕಲಿಸಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಹೊಳೆ ದಂಡೆಯ ಪ್ರತಿ ಕೇಂದ್ರದಿಂದ ಒಬ್ಬ ಮಾಸ್ತರ, ಒಬ್ಬ ಆಶಾ, ಒಬ್ಬ ಹೋಮ್ ಗಾರ್ಡ್, ಪಂಚಾಯತಿಯಿಂದ ಒಬ್ಬರು ಬರಲಿ. ಅಡುಗೆಯವರನ್ನು ಮರೆಯಬೇಡಿ. ಅವರು ಕಲಿಯಲು ಬರುತ್ತಾರೋ ಕಲಿಸಲು ಬರುತ್ತಾರೋ, ಅಲ್ಲಿ ನೋಡೋಣ.

ಮಳೆಗಾಲದ ಮುಂಚಿನ ಸಭೆ ನೀವು ಕರೆಯುತ್ತೀರಲ್ಲ, ಆ ಸಭೆಯಲ್ಲೇ ದಿನ ಗೊತ್ತು ಮಾಡಿ. ಮೇ ತಿಂಗಳಾದರೆ ಶಾಲೆಗೆ ರಜೆ, ಕೋಣೆಗಳು ಖಾಲಿ ಇರುತ್ತವೆ. ಬೀಗದ ಕೈ ನನ್ನ ಹತ್ತಿರವೇ ಇದೆ. ಮಧ್ಯಾಹ್ನದ ರೊಟ್ಟಿ, ಝುಣಕ ನಮ್ಮೂರಿನವರದು.

ಇಂತಿ ತಮ್ಮ ವಿಶ್ವಾಸಿ,
ಹೊಳೆ ದಂಡೆಯ ಒಬ್ಬ ಶಾಲಾ ಮಾಸ್ತರ,
ಮುಧೋಳ ತಾಲೂಕು