ಸೇಂಟ್ ಲೂಯಿಸ್‌ನ ಆ ಪಕ್ಕದ ಸೈಟ್ ಹಿರಿಯರಿಗೆ ಥ್ಯಾಂಕ್ಸ್

ರಿಟೈರ್ ಆದ್ಮೇಲೆ ನಾನೂ ನನ್ನ ಹೆಂಡ್ತೀನೂ ಮೋಟರ್‌ಹೋಮ್‌ನಲ್ಲಿ, ಅಂದ್ರೆ ಒಳಗೇ ವಾಸ ಮಾಡೋ ಗಾಡೀಲಿ, ಅಮೆರಿಕಾ ಸುತ್ತಾ ಇದೀವಿ, ಸೇಂಟ್ ಲೂಯಿಸ್ ತಲುಪಿದಾಗ ಜುಲೈ ಸೆಕೆ. ಇಂಥ ಗಾಡಿಗಳು ತಂಗೋ ಕ್ಯಾಂಪ್‌ಗ್ರೌಂಡ್‌ನಲ್ಲಿ 50 ಆಂಪ್ ಕರೆಂಟ್ ಪಾಯಿಂಟ್, ನಮ್ಮ ಗಾಡಿ 30 ಆಂಪ್, ಮಧ್ಯೆ ಹಾಕೋ ಅಡಾಪ್ಟರ್ ಕರಗಿ ಎಸಿ ನಿಂತೇ ಹೋಯ್ತು, ಇವಳಿಗೆ ಬೇರೆ ಬಿಪಿ. ಪಕ್ಕದ ಸೈಟ್‌ನಲ್ಲಿ, ಅಂದ್ರೆ ಪಕ್ಕದ ಗಾಡಿ ನಿಲ್ಲಿಸೋ ಜಾಗದಲ್ಲಿ, ತಂಗಿದ್ದ ಹಿರಿಯರು ನಾವು ಕೇಳೋ ಮೊದ್ಲೇ ತಮ್ಮ ಸ್ಪೇರ್ ಅಡಾಪ್ಟರ್ ತಂದು ಹಾಕಿಕೊಟ್ರು, ದುಡ್ಡು ಮುಟ್ಟಲೇ ಇಲ್ಲ. ಇಷ್ಟುದ್ದ ಗಾಡಿ ಡೌನ್‌ಟೌನ್‌ಗೆ ಬೇಡ ಅಂತ ಬೆಳಿಗ್ಗೆ ತಮ್ಮ ಪಿಕಪ್‌ನಲ್ಲೇ ಮೆಟ್ರೋಲಿಂಕ್ ಅನ್ನೋ ಊರಿನ ರೈಲಿನ ಸ್ಟೇಷನ್‌ಗೂ ಬಿಟ್ರು, ಲಾಕ್ಲೀಡ್ಸ್ ಲ್ಯಾಂಡಿಂಗ್‌ನಲ್ಲಿ ಇಳಿದು ಸ್ವಲ್ಪ ನಡೆದ್ರೆ 630 ಅಡಿ ಎತ್ತರದ ಉಕ್ಕಿನ ಕಮಾನು, ಗೇಟ್‌ವೇ ಆರ್ಚ್! ಕಮಾನಿನ ಒಳಗೇ ಓಡೋ, ಒಂದೊಂದರಲ್ಲಿ ಐದೇ ಜನ ಕೂರೋ ಪುಟ್ಟ ಡಬ್ಬಿಗಳ ಟ್ರಾಮ್‌ನಲ್ಲಿ ಮೇಲೆ ಹೋಗಿ ಇವಳು ಮಿಸ್ಸಿಸ್ಸಿಪ್ಪಿ ನದಿ ನೋಡಿ ಎಷ್ಟು ಖುಷಿಪಟ್ಟಳು ಅಂತೀರಾ. ವಾಪಸ್ ಬರೋಷ್ಟ್ರಲ್ಲಿ ಅವರು ಹೊರಟುಹೋಗಿದ್ರು, ಹೆಸರೂ ಗೊತ್ತಿಲ್ಲ. ಯಜಮಾನ್ರೇ, ಎಲ್ಲಿದ್ರೂ ನಿಮಗೆ ನಮ್ಮಿಬ್ಬರ ನಮಸ್ಕಾರ, ನಿಮ್ಮ ಮನೆಮಂದಿಯೆಲ್ಲಾ ತಣ್ಣಗಿರ್ಲಿ.