ಬೋನಸ್ ಕೊಟ್ಟಿರಿ, ಇನ್ನು ಸಂಜೆಯನ್ನೂ ಕೊಡಿ

ಸಿಂಗಪುರದ ಪ್ರಧಾನಿ ಲಾರೆನ್ಸ್ ವಾಂಗ್ ಅವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದವಳು. ಇಲ್ಲಿನ ಕನ್ನಡದ ಮನೆಗಳಲ್ಲೂ ಈ ಮಾತು ನಡೆಯಲಿ ಅಂತ ಕನ್ನಡದಲ್ಲೇ ಬರೆಯುತ್ತಿದ್ದೇನೆ.

2023ರಲ್ಲಿ ನಮ್ಮ ಫಲವಂತಿಕೆ ದರ, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ, 0.97ಕ್ಕೆ ಇಳಿಯಿತು. 1ಕ್ಕಿಂತ ಕೆಳಗೆ ಹೋಗಿದ್ದು ಅದೇ ಮೊದಲು. ಮರುವರ್ಷವೂ ಅಷ್ಟೇ ಇತ್ತು. ವಲಸೆ ಇಲ್ಲದೆ ಜನಸಂಖ್ಯೆ ಕುಗ್ಗದೆ ಉಳಿಯಬೇಕಾದರೆ ಒಬ್ಬ ಹೆಣ್ಣಿಗೆ ಸರಾಸರಿ 2.1 ಮಕ್ಕಳಿರಬೇಕು. ನಾವು ಅದರ ಅರ್ಧವನ್ನೂ ಮುಟ್ಟುತ್ತಿಲ್ಲ. 2024ರಲ್ಲಿ ಒಟ್ಟು ಜನಸಂಖ್ಯೆ 60 ಲಕ್ಷ ದಾಟಿತಲ್ಲ ಅನ್ನಬಹುದು. ಅದು ಹೆಚ್ಚಾಗಿ ನನ್ನಂಥವರು ಹೊರಗಿನಿಂದ ಬಂದಿದ್ದರಿಂದ. ಆದರೆ ಹಾಗೆ ಬಂದ ನನ್ನ ಗೆಳತಿಯರಲ್ಲೂ ಹೆಚ್ಚಿನವರು ಒಂದೇ ಮಗು ಸಾಕು ಅನ್ನುತ್ತಿದ್ದಾರೆ.

1972ರಲ್ಲಿ ಸರ್ಕಾರ ‘ಎರಡೇ ಸಾಕು’ ಎಂದಿತು. ಬರೀ ಪೋಸ್ಟರ್ ಅಂಟಿಸಿ ಸುಮ್ಮನಾಗಲಿಲ್ಲ. ಮೂರನೇ ಹೆರಿಗೆಗೆ ಸಂಬಳದ ರಜೆ ಇಲ್ಲ. ಮಕ್ಕಳು ಹೆಚ್ಚಾದಂತೆ ಹೆರಿಗೆ ಶುಲ್ಕವೂ ಜಾಸ್ತಿ. ನಾಲ್ಕನೇ ಮಗುವಿಗೆ ಶಾಲೆ ಸೀಟು ಕೊನೆಗೆ. ಹೆಣ್ಣುಮಕ್ಕಳು ಓದಿ ಕೆಲಸಕ್ಕೆ ಸೇರುತ್ತಿದ್ದ ಕಾಲವೂ ಅದೇ. 1970ರ ದಶಕದ ಮಧ್ಯದಲ್ಲೇ ದರ 2.1ರ ಹತ್ತಿರ ಬಂತು, ಮುಂದೆ ಇನ್ನೂ ಇಳಿಯಿತು. 1987ರಲ್ಲಿ ಸರ್ಕಾರವೇ ಮಾತು ಬದಲಿಸಿ, ಸಾಕುವ ಶಕ್ತಿ ಇದ್ದವರು ಮೂರು ಅಥವಾ ಇನ್ನೂ ಜಾಸ್ತಿ ಮಕ್ಕಳನ್ನು ಮಾಡಿಕೊಳ್ಳಿ ಎಂದಿತು. 2001ರಲ್ಲಿ ಬೇಬಿ ಬೋನಸ್ ಬಂತು. ಈಗ ಮೊದಲ ಮಗುವಿಗೇ 11,000 ಸಿಂಗಪುರ ಡಾಲರ್ ನಗದು ಸಿಗುತ್ತದೆ. ಅಪ್ಪಂದಿರಿಗೂ ನಾಲ್ಕು ವಾರ ರಜೆ. ಇದಕ್ಕೆಲ್ಲ ನಾವು ಋಣಿಗಳು.

ಆದರೆ ಅಂದಿನ ನಿಯಮಗಳು ಶಾಲೆ, ಆಸ್ಪತ್ರೆ, ಆಫೀಸು ಎಲ್ಲದರ ಒಳಗೂ ಕೈಹಾಕಿದ್ದವು. ಇಂದಿನದು ಬಹುಪಾಲು ಬ್ಯಾಂಕ್ ಖಾತೆಗೆ ಬಂದು ನಿಲ್ಲುತ್ತದೆ.

ಬಾಣಂತನ ಮುಗಿಸಿ ಅಮ್ಮ ಊರಿಗೆ ಹೊರಟ ಮೇಲೆ ಏನಾಗುತ್ತದೆ ಗೊತ್ತಾ? ಕೂಸನ್ನು ಇನ್‌ಫ್ಯಾಂಟ್ ಕೇರ್‌ನಲ್ಲಿ ಬಿಟ್ಟು ಓಡಬೇಕು, ಸಂಜೆ ಬಾಗಿಲು ಹಾಕುವ ಮೊದಲು ಮತ್ತೆ ಓಡಿ ಬರಬೇಕು. ಅಷ್ಟರಲ್ಲಿ ಆಫೀಸಿನ ಕಾಲ್. ಮಗು ಸ್ವಲ್ಪ ದೊಡ್ಡದಾದರೆ ಟ್ಯೂಷನ್. ನಮ್ಮ ಬ್ಲಾಕಿನ ಲಿಫ್ಟಿನಲ್ಲಿ ರಾತ್ರಿ ಎಂಟೂವರೆಗೆ ಒಬ್ಬ ಹುಡುಗ ಟ್ಯೂಷನ್ ಬ್ಯಾಗ್ ಹೊತ್ತು, ಗೋಡೆಗೆ ಒರಗಿ, ನಿಂತಲ್ಲೇ ತೂಕಡಿಸುತ್ತಿರುತ್ತಾನೆ. ಪಕ್ಕದಲ್ಲಿ ಅವನಮ್ಮ ಫೋನಿನಲ್ಲಿ ಮೇಲ್ ಟೈಪ್ ಮಾಡುತ್ತಿರುತ್ತಾಳೆ. ಅವನಿಗಿನ್ನೂ ಪ್ರೈಮರಿ ಶಾಲೆ. ಹನ್ನೆರಡರ ವಯಸ್ಸಿಗೆ ಪ್ರೈಮರಿಯ ಕೊನೆಯಲ್ಲಿ ಬರೆಯುವ, ಮುಂದೆ ಯಾವ ಹೈಸ್ಕೂಲು ಅಂತ ತೀರ್ಮಾನಿಸುವ ಪಿಎಸ್‌ಎಲ್‌ಇ ಪರೀಕ್ಷೆಯ ಭಯ ಈಗಲೇ ಮನೆ ಹೊಕ್ಕಿದೆ. ಇದನ್ನು ಇನ್ನೊಂದು ಸಲ ಮೊದಲಿಂದ ಮಾಡಲು ಯಾವ ತಾಯಿಗೆ ಧೈರ್ಯ ಬರುತ್ತೆ ಹೇಳಿ?

2024ರ ಡಿಸೆಂಬರ್‌ನಿಂದ ಕೆಲಸದ ವೇಳೆ ಬದಲಿಸಿಕೊಡಿ ಅಂತ ಕೇಳಲು ಒಂದು ಪದ್ಧತಿ ಇದೆ. ಕಂಪನಿ ಕಾರಣ ಕೊಟ್ಟು ಆಗಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಏಳು ವರ್ಷದೊಳಗಿನ ಮಕ್ಕಳಿರುವ ಅಪ್ಪ ಅಮ್ಮ ಇಬ್ಬರಿಗೂ ಇದನ್ನು ಕಾನೂನಿನ ಹಕ್ಕಾಗಿ ಮಾಡಿ. ಇದರ ಖರ್ಚಿನಲ್ಲಿ ಸಣ್ಣ ಕಂಪನಿಗಳಿಗೆ ಸರ್ಕಾರ ಪಾಲು ಕೊಡಲಿ. ಪಿಎಸ್‌ಎಲ್‌ಇಯ ತೂಕ ಇನ್ನೂ ಇಳಿಸಿ. ಮದುವೆಯಾಗದ ತಾಯಂದಿರಿಗೂ ಬೋನಸ್ಸಿನ ನಗದು ಕೊಡಿ, ಆ ಮಕ್ಕಳೂ ನಮ್ಮವೇ ಅಲ್ವಾ?

ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಉತ್ತರ ಸಿಗಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಸಿಂಗಪುರದ ಒಬ್ಬ ಕನ್ನಡತಿ